ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಟ್ಯಾಬ್ಲೆಟ್ ಅಳವಡಿಸುವ ಕ್ರಮ

ಸ್ಟೀರಿಯೊ ತೆಗೆದ ಡಬಲ್ ಡಿನ್ (ಕಾರಿನ ಸ್ಟೀರಿಯೊಗಳ ದೊಡ್ಡ ಪ್ರಮಾಣಿತ ಅಳತೆ) ಜಾಗ ಸುಮಾರು 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರವಿರುತ್ತದೆ, 7 ಇಂಚಿನ ಟ್ಯಾಬ್ಲೆಟ್ ಕೂಡ ಸಾಮಾನ್ಯವಾಗಿ ಅದರೊಳಗೆ ಇಳಿಯದೆ, ಮುಂದಿನ ಚೌಕಟ್ಟಿನಲ್ಲಿ ಕೂರಬೇಕಾಗುತ್ತದೆ. ಆದ್ದರಿಂದ ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದು ಗೇರ್, ಗುಂಡಿಗಳು, ಗಾಳಿಯ ಕಿಂಡಿಗಳು ಮತ್ತು ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗಕ್ಕೆ ಅಡ್ಡಬರುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಪ್ಲಾಸ್ಟಿಕ್ ಕೊಯ್ಯಿರಿ.

ನಿಜವಾದ ಕೆಲಸವಿರುವುದು ವಿದ್ಯುತ್ ಸಂಪರ್ಕದಲ್ಲಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದ ನಂತರವೇ ತಂತಿಗಳನ್ನು ಜೋಡಿಸಬೇಕು. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14ರ ಆಸುಪಾಸಿಗೆ ಏರುವುದರಿಂದ, ಅದನ್ನು 5 ವೋಲ್ಟಿಗೆ ಇಳಿಸುವ, ಕನಿಷ್ಠ 3 ಆಂಪಿಯರ್ ಕೊಡಬಲ್ಲ ಕನ್ವರ್ಟರ್ ಬೇಕು. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಹರಿಯುವ ತಂತಿಯನ್ನೇ ಆರಿಸಿಕೊಳ್ಳಿ. ಇಲ್ಲವಾದರೆ ನಿಂತ ಕಾರಿನ ಬ್ಯಾಟರಿ ನಿಧಾನವಾಗಿ ಬರಿದಾಗುತ್ತದೆ. ಸ್ಟೀರಿಯೊ ತಂತಿಗಳಲ್ಲಿ ಅದು ಸಾಮಾನ್ಯವಾಗಿ ಕೆಂಪು, ಆದರೆ ಹಳೆಯ ಕಾರುಗಳಲ್ಲಿ ಬಣ್ಣವನ್ನು ನಂಬಬಾರದು: ಬ್ಯಾಟರಿಯನ್ನು ಬಿಚ್ಚುವ ಮೊದಲೇ ಮಲ್ಟಿಮೀಟರಿನಿಂದ ಅಳೆದು ಗುರುತು ಹಾಕಿಕೊಳ್ಳಿ. ವಿದ್ಯುತ್ ಪಡೆಯುವ ಜಾಗದ ಸಮೀಪದಲ್ಲೇ 3 ಆಂಪಿಯರ್ ಫ್ಯೂಸ್ ಇರಲಿ. ಕನ್ವರ್ಟರಿನ ಬಳಿ ಹಾಕಿದರೆ ಅದರ ಹಿಂದಿನ ತಂತಿಗೆ ರಕ್ಷಣೆಯೇ ಇರುವುದಿಲ್ಲ.

ಟ್ಯಾಬ್ಲೆಟ್ ಸ್ಪೀಕರುಗಳನ್ನು ನೇರವಾಗಿ ನುಡಿಸಲಾರದು. ಸ್ಟೀರಿಯೊ ತೆಗೆದಿದ್ದರೆ ಸಣ್ಣ ಆಂಪ್ಲಿಫೈಯರ್ ಅಗತ್ಯ. ಎಂಜಿನ್ ವೇಗದೊಂದಿಗೆ ಏರಿಳಿಯುವ ಕೀಚಲು ಸದ್ದು ಕೇಳಿಸಿದರೆ ಆಡಿಯೊ ತಂತಿಗೆ ಗ್ರೌಂಡ್ ಲೂಪ್ ಐಸೊಲೇಟರ್ (ಆ ಸದ್ದನ್ನು ತಡೆಯುವ ಪುಟ್ಟ ಸಾಧನ) ಸೇರಿಸಿ.

ಅಂದಕ್ಕೆ ಮನಸೋತು ಟ್ಯಾಬ್ಲೆಟನ್ನು ಅಂಟಿಸಿಬಿಡಬೇಡಿ. ಬಿಸಿಲಲ್ಲಿ ನಿಂತ ಕಾರಿನ ಶಾಖ ಲಿಥಿಯಂ ಬ್ಯಾಟರಿಯನ್ನು ಉಬ್ಬಿಸಬಲ್ಲದು, ಹಾಗಾಗಿ ಟ್ಯಾಬ್ಲೆಟನ್ನು ಸುಲಭವಾಗಿ ಹೊರತೆಗೆಯುವಂತೆ ಚೌಕಟ್ಟನ್ನು ರೂಪಿಸಿರಿ.