ಸರಾಸರಿಯ ಮರೆಯಲ್ಲಿ ಮುಚ್ಚಿದ ಅಂಗಡಿ

ಹೊಸ ಮಳಿಗೆಯೋ ವಸತಿ ಹೋಟೆಲೋ ಬಂದರೆ ಈಗಾಗಲೇ ಇರುವವರ ವ್ಯಾಪಾರಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಮೊದಲೇ ಅಂದಾಜಿಸಿ ವರದಿ ಕೊಡುವುದು ನನ್ನ ಕೆಲಸ. ಆರಂಭದ ವರದಿಯೊಂದರಲ್ಲಿ ‘ಒಟ್ಟು ವಹಿವಾಟಿನಲ್ಲಿ ಶೇಕಡಾ 6ರಷ್ಟು ಇಳಿಕೆ, ಪರಿಣಾಮ ಅಲ್ಪ’ ಎಂದು ಬರೆದಿದ್ದೆ. ಒಂದೂವರೆ ವರ್ಷ ಕಳೆದು ಹೋಗಿ ನೋಡಿದೆ. ಒಟ್ಟು ಇಳಿಕೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಅದರ ಬಹುಪಾಲನ್ನು ಒಂದೇ ದಿನಸಿ ಮಳಿಗೆ ಹೊತ್ತು, ತಾಳಲಾರದೆ ಬಾಗಿಲು ಮುಚ್ಚಿತ್ತು. ಆ ಮುಚ್ಚಿದ ಬಾಗಿಲಿನ ಮುಂದೆ ನಿಂತ ದಿನದಿಂದ ನನ್ನ ಕೆಲಸದ ರೀತಿಯೇ ಬದಲಾಯಿತು.

ಆಗ ನಾನು ನಂಬಿದ್ದದ್ದು ಸೂತ್ರವನ್ನು. 1931ರಲ್ಲಿ ವಿಲಿಯಂ ರೈಲಿ ಚಿಲ್ಲರೆ ವ್ಯಾಪಾರಕ್ಕೆ ಗುರುತ್ವಾಕರ್ಷಣೆಯ ನಿಯಮವನ್ನು ಹೊಂದಿಸಿದರು. 1960ರ ದಶಕದಲ್ಲಿ ಡೇವಿಡ್ ಹಫ್ ಅದನ್ನು ಸಂಭವನೀಯತೆಯ ಲೆಕ್ಕವಾಗಿ ಬೆಳೆಸಿದರು. ಮಳಿಗೆ ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರವಾದಷ್ಟೂ ಕಡಿಮೆ. ಒಂದು ಮನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ 10,000 ಚದರ ಅಡಿಯ ಅಂಗಡಿ, ಎರಡು ಕಿಲೋಮೀಟರ್ ದೂರದಲ್ಲಿ 40,000 ಚದರ ಅಡಿಯ ಅಂಗಡಿ ಇವೆ ಎಂದುಕೊಳ್ಳಿ. ವಿಸ್ತೀರ್ಣವನ್ನು ದೂರದ ವರ್ಗದಿಂದ ಭಾಗಿಸಿದರೆ ಎರಡರ ಸೆಳೆತವೂ ಸಮ. ಈಗ ಒಂದು ಕಿಲೋಮೀಟರ್ ದೂರದಲ್ಲೇ 20,000 ಚದರ ಅಡಿಯ ಮೂರನೆಯದು ಬಂದರೆ, ಆ ಮನೆಯ ಖರೀದಿಯಲ್ಲಿ ಅರ್ಧ ಅದಕ್ಕೆ. ಉಳಿದ ಎರಡಕ್ಕೂ ಕಾಲು ಕಾಲು ಪಾಲು. ಸೂತ್ರದ ಪ್ರಕಾರ ಇಬ್ಬರ ನಷ್ಟವೂ ಒಂದೇ. ಆದರೆ ಚಿಕ್ಕ ಅಂಗಡಿಗೆ ಜನ ಅವಸರಕ್ಕೆ ಬೇಕಾದ ಎರಡು ಸಾಮಾನಿಗಾಗಿ ಹೋಗುತ್ತಿದ್ದಾರೋ, ತಿಂಗಳ ದಿನಸಿಗಾಗಿ ಹೋಗುತ್ತಿದ್ದಾರೋ ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ತಿಂಗಳ ದಿನಸಿ ಮಾರುವ ಹೊಸ ಮಳಿಗೆ ಮೊದಲು ತಿನ್ನುವುದು ತಿಂಗಳ ದಿನಸಿ ಮಾರುವ ಹಳೆಯ ಮಳಿಗೆಯನ್ನು.

ಅದಕ್ಕೇ ಈಗ ಮೊದಲ ವಾರ ಬೀದಿಯಲ್ಲೇ ಕಳೆಯುತ್ತೇನೆ. ಅಂಗಡಿಯ ಎದುರು ನಿಂತು ಒಳಗೆ ಹೋಗುವವರನ್ನು ಬಿಟ್ಟು ಹೊರಗೆ ಬರುವವರನ್ನು ಎಣಿಸುತ್ತೇನೆ: ಬರಿಗೈಯಲ್ಲಿ ಬಂದವರೆಷ್ಟು, ಒಂದು ಚೀಲ ಹಿಡಿದವರೆಷ್ಟು, ತಳ್ಳುಗಾಡಿ ತುಂಬಿಸಿಕೊಂಡವರೆಷ್ಟು. ವಾರದ ನಡುವಿನ ಒಂದು ದಿನ, ರಜೆಯ ಒಂದು ದಿನ, ತಿಂಗಳ ಮೊದಲ ವಾರದ ಒಂದು ದಿನ, ಇಷ್ಟಾದರೂ ಬೇಕು. ಗಿರಾಕಿಗಳನ್ನು ‘ಹೊಸ ಮಳಿಗೆಗೆ ಹೋಗುತ್ತೀರಾ’ ಎಂದು ಕೇಳುವುದಿಲ್ಲ. ಎಲ್ಲರೂ ಹೌದು ಎನ್ನುತ್ತಾರೆ. ‘ಕಳೆದ ಸಲ ಸಾಮಾನು ತಂದದ್ದು ಎಲ್ಲಿಂದ, ಅದಕ್ಕೂ ಹಿಂದಿನ ಸಲ ಎಲ್ಲಿಂದ’ ಎಂದು ಕೇಳುತ್ತೇನೆ. ನಡೆದದ್ದನ್ನು ಹೇಳುವಾಗ ಜನ ತಪ್ಪುವುದು ಕಡಿಮೆ.

ಆಮೇಲೆ ಮಾಲೀಕರ ಜೊತೆ ಕೂರುತ್ತೇನೆ. ಇದು ಇಡೀ ಕೆಲಸದ ಜೀವ. ಮಾರಾಟ 100 ಇದ್ದರೆ ಸರಕಿಗೆ 75 ಹೋಗುತ್ತದೆ. ಬಾಡಿಗೆ, ಸಂಬಳ, ವಿದ್ಯುತ್ತಿಗೆ 20. ಉಳಿಯುವುದು 5 ಎಂದಿಟ್ಟುಕೊಳ್ಳಿ. ಮಾರಾಟ ಶೇಕಡಾ 10 ಕುಸಿದರೆ ಸರಕಿನ ಮೇಲಿನ ಲಾಭ 25ರಿಂದ 22.5ಕ್ಕೆ ಬರುತ್ತದೆ, ಆದರೆ 20ರ ಖರ್ಚು ಹಾಗೆಯೇ ಇರುತ್ತದೆ. ಕೈಗೆ ಸಿಗುವುದು ಅರ್ಧ. ಶೇಕಡಾ 20 ಕುಸಿದರೆ ಏನೂ ಇಲ್ಲ. ಸ್ವಂತ ಕಟ್ಟಡದವನು ಇದನ್ನು ತಡೆದುಕೊಂಡಾನು, ಸಾಲದಲ್ಲಿರುವವನು ತಡೆದುಕೊಳ್ಳಲಾರ. ‘ಶೇಕಡಾ ಇಷ್ಟು ನಷ್ಟ’ ಎಂದು ಬರೆದು ಈ ವ್ಯತ್ಯಾಸವನ್ನು ಹೇಳದ ವರದಿ ನನ್ನ ಮಟ್ಟಿಗೆ ಅರ್ಧ ವರದಿ.

ವಸತಿ ಹೋಟೆಲುಗಳದು ಬೇರೆ ದಾರಿ. ನಾಲ್ಕು ಹೋಟೆಲುಗಳಲ್ಲಿ 400 ಕೊಠಡಿಗಳಿದ್ದು ಶೇಕಡಾ 70 ತುಂಬುತ್ತಿದ್ದರೆ, ರಾತ್ರಿಗೆ 280 ಕೊಠಡಿಗಳು ಹೋಗುತ್ತವೆ. 100 ಕೊಠಡಿಗಳ ಹೊಸ ಹೋಟೆಲ್ ಬಂದು ಅತಿಥಿಗಳು ಅಷ್ಟೇ ಇದ್ದರೆ ಭರ್ತಿ ಶೇಕಡಾ 56ಕ್ಕೆ ಇಳಿಯುತ್ತದೆ. ಬೇಡಿಕೆ ವರ್ಷಕ್ಕೆ ಶೇಕಡಾ 5ರಂತೆ ಬೆಳೆದರೂ ಹಿಂದಿನ ಮಟ್ಟ ಮುಟ್ಟಲು ನಾಲ್ಕೂವರೆ ವರ್ಷ ಬೇಕು. ಇಲ್ಲಿಯೂ ಸರಾಸರಿಯನ್ನು ಬಿಡಿಸಿ ನೋಡಬೇಕು. ಮಂಗಳವಾರ, ಬುಧವಾರ ಎಲ್ಲ ಕಡೆ ಭರ್ತಿಯಾಗಿ ಅತಿಥಿಗಳು ಹಿಂದಿರುಗುತ್ತಿದ್ದರೆ, ಆ ರಾತ್ರಿಗಳಲ್ಲಿ ಹೊಸ ಹೋಟೆಲ್ ಮೊದಲು ತೆಗೆದುಕೊಳ್ಳುವುದು ಜಾಗ ಸಿಗದೆ ಹೋಗುತ್ತಿದ್ದವರನ್ನು. ಭಾನುವಾರದ ಖಾಲಿ ರಾತ್ರಿಗಳಲ್ಲಿ ಮಾತ್ರ ಒಬ್ಬರ ತಟ್ಟೆಯಿಂದಲೇ ಇನ್ನೊಬ್ಬರು ಎತ್ತಿಕೊಳ್ಳಬೇಕು. ಆಗ ಬಾಡಿಗೆ ಇಳಿಸುವ ಪೈಪೋಟಿ ಶುರುವಾಗುತ್ತದೆ. ಹಾಗಾಗಿ ಭರ್ತಿಯೊಂದನ್ನೇ ನೋಡಿದರೆ ಸಾಲದು. ಇರುವ ಒಟ್ಟು ಕೊಠಡಿಗಳಿಗೆ ಹಂಚಿದಾಗ ತಲಾ ಎಷ್ಟು ವರಮಾನ ಬರುತ್ತದೆ ಎಂಬುದನ್ನು ದಿನವಾರು ತೆಗೆಯುತ್ತೇನೆ.

ಯೋಜನೆ ತಂದವರ ಅಂಕಿಗಳನ್ನು ಓದುವಾಗ ಒಂದು ಎಚ್ಚರ. ಸಾಲ ಕೇಳುವಾಗ ವಹಿವಾಟು ಹಿಗ್ಗುತ್ತದೆ, ಪರವಾನಗಿ ಕೇಳುವಾಗ ಕುಗ್ಗುತ್ತದೆ. ಒಮ್ಮೆ ಒಂದೇ ಕಟ್ಟಡದ ಎರಡೂ ಕಡತಗಳು ನನ್ನ ಮೇಜಿಗೆ ಬಂದವು. ಸಾಲದ ಕಡತದ ಮಾರಾಟ ಇನ್ನೊಂದರ ಒಂದೂವರೆ ಪಟ್ಟು ಇತ್ತು. ಅಂದಿನಿಂದ ಸಾಲದ ಕಡತವನ್ನು ಕೇಳಿ ಪಡೆಯುತ್ತೇನೆ, ಹೆಚ್ಚಿನ ಅಂಕಿಯಿಂದಲೇ ಪೆಟ್ಟನ್ನು ಲೆಕ್ಕ ಹಾಕುತ್ತೇನೆ. ಅನುಮತಿ ಸಿಕ್ಕಿ ಇನ್ನೂ ಕಟ್ಟದಿರುವ ಬೇರೆ ಯೋಜನೆಗಳನ್ನೂ ಅದರ ಜೊತೆ ಸೇರಿಸುತ್ತೇನೆ.

ಮುಚ್ಚಿದ ಆ ದಿನಸಿ ಮಳಿಗೆಯ ಅಕ್ಕಪಕ್ಕದಲ್ಲಿ ಔಷಧಿ ಅಂಗಡಿ, ಚಪ್ಪಲಿ ರಿಪೇರಿಯವರು, ಪಾತ್ರೆ ಅಂಗಡಿ ಇದ್ದವು. ಹೊಸ ಮಳಿಗೆ ಅವರು ಮಾರುವುದನ್ನು ಮಾರುತ್ತಿರಲಿಲ್ಲ, ಆದ್ದರಿಂದ ನನ್ನ ಪಟ್ಟಿಯಲ್ಲಿ ಅವರು ಇರಲೇ ಇಲ್ಲ. ಪಾತ್ರೆ ಅಂಗಡಿಯವರು ನನ್ನನ್ನು ಗುರುತಿಸಿ, ‘ದಿನಸಿಗೆ ಬಂದವರೇ ಸ್ವಾಮಿ ನಮ್ಮಲ್ಲಿಗೂ ಬರುತ್ತಿದ್ದವರು’ ಎಂದರು. ಈಗ ಪ್ರತಿ ವರದಿಯಲ್ಲೂ ಪೈಪೋಟಿಯ ಅಂಗಡಿಗಳ ಪಟ್ಟಿಯ ಕೆಳಗೆ ಅವುಗಳ ಎಡಬಲದ ಬಾಗಿಲುಗಳ ಪಟ್ಟಿಯೂ ಇರುತ್ತದೆ.