ಮೂಗಿನ ಫ್ಲೂ ಲಸಿಕೆಯ ಉಷ್ಣಾಂಶಗಳನ್ನು ಓದಿಕೊಳ್ಳುವ ಬಗೆ

ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿ ಬಲಗುಂದಿಸಿದ ಜೀವಂತ ವೈರಸ್ ಇರುತ್ತದೆ. ಆದ್ದರಿಂದ ಅದರ ಕುರಿತ ವೈದ್ಯಕೀಯ ಬರಹಗಳಲ್ಲಿ ಉಷ್ಣಾಂಶದ ಅಂಕಿ ಕಂಡಾಗಲೆಲ್ಲ, ಅದು ವೈರಸ್ ಬೆಳೆಯುವ ಉಷ್ಣಾಂಶವೋ, ಬೆಳವಣಿಗೆ ಕುಗ್ಗುವ ಉಷ್ಣಾಂಶವೋ, ಲಸಿಕೆಯನ್ನು ಕಾಪಿಡುವ ಉಷ್ಣಾಂಶವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ.

ಬೆಳೆಯುವ ಅಂಕಿ 25 ಡಿಗ್ರಿ ಸೆಲ್ಸಿಯಸ್. ಮಿಶಿಗನ್ ವಿಶ್ವವಿದ್ಯಾಲಯದ ಹುನೈನ್ ಮಾಸಾಬ್ ಅವರು ಈ ತಂಪಿನಲ್ಲೂ ಚೆನ್ನಾಗಿ ಬೆಳೆಯುವ ಇನ್‌ಫ್ಲುಯೆಂಜಾ ವೈರಸ್ಸನ್ನು ರೂಪಿಸಿ 1967ರಲ್ಲಿ ಪ್ರಕಟಿಸಿದರು. ಬೆಳವಣಿಗೆ ಕುಗ್ಗುವ ಅಂಕಿ ಫ್ಲೂ ವೈರಸ್ಸಿನ ಎ ಬಗೆಗೆ 39, ಬಿ ಬಗೆಗೆ 37. ಹೀಗಾಗಿ ಲಸಿಕೆಯ ವೈರಸ್ ತಂಪಾದ ಮೂಗಿನಲ್ಲಿ ಬೆಳೆದು ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುತ್ತದೆ. ಬೆಚ್ಚಗಿನ ಶ್ವಾಸಕೋಶದಲ್ಲಿ ಅದು ಸಮರ್ಥವಾಗಿ ಬೆಳೆಯಲಾರದು.

ಅನಂತರ ಕೇಳಬೇಕಾದ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಶಾಖದಲ್ಲಿ ಬೆಳವಣಿಗೆ ಕುಗ್ಗುವ ಈ ಗುಣ, ಅಂದರೆ ಶಾಖಸೂಕ್ಷ್ಮತೆ, ಎಷ್ಟು ರೂಪಾಂತರಗಳ (ಜೀನ್‌ಗಳಲ್ಲಾದ ಬದಲಾವಣೆಗಳ) ಮೇಲೆ ನಿಂತಿದೆ ಎಂಬುದು. ಫ್ಲೂ ವೈರಸ್ಸಿನಂಥ, ಆರ್‌ಎನ್‌ಎಯೇ ಆನುವಂಶಿಕ ವಸ್ತುವಾಗಿರುವ ವೈರಸ್ಸುಗಳು ತಮ್ಮ ನಕಲು ಮಾಡಿಕೊಳ್ಳುವಾಗ ತಪ್ಪುಗಳು ಸಾಮಾನ್ಯ. ಒಂದೇ ರೂಪಾಂತರವಾದರೆ ಅಂಥದೊಂದು ತಪ್ಪಿನಿಂದಲೇ ಅದು ಅಳಿಸಿಹೋಗಬಹುದು. 1970ರ ದಶಕದಲ್ಲಿ ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ಎಂಬ ಬೇರೊಂದು ವೈರಸ್ಸಿನ ಶಾಖಸೂಕ್ಷ್ಮ ಲಸಿಕೆಯೊಂದನ್ನು ಮಕ್ಕಳಲ್ಲಿ ಪರೀಕ್ಷಿಸಿದಾಗ, ಅವರ ಮೂಗಿನಿಂದ ದೊರೆತ ಕೆಲವು ವೈರಸ್ಸುಗಳು ಆ ಗುಣವನ್ನು ಕಳೆದುಕೊಂಡಿದ್ದವು. ಮಾಸಾಬ್ ಅವರ ಎ ಬಗೆಯಲ್ಲಾದರೋ ಪಿಬಿ1, ಪಿಬಿ2, ಎನ್‌ಪಿ ಎಂಬ ಮೂರು ಜೀನ್‌ಗಳಲ್ಲಿ ಹಂಚಿಹೋದ ಐದು ಬದಲಾವಣೆಗಳು ಶಾಖಸೂಕ್ಷ್ಮತೆಗೆ ಕಾರಣವಾಗಿವೆ. ಇವೆಲ್ಲವೂ ಒಟ್ಟಿಗೆ ಅಳಿಸಿಹೋಗುವ ಸಾಧ್ಯತೆ ತೀರ ಕಡಿಮೆ.

ಈ ಗುಣದ ಸ್ಥಿರತೆಯ ಪುರಾವೆಯನ್ನು ಪ್ರಯೋಗಾಲಯದ ಕೋಶಗಳಲ್ಲಿ ಮಾತ್ರವಲ್ಲದೆ, ಲಸಿಕೆ ಪಡೆದವರಿಂದ ಮರಳಿ ಸಂಗ್ರಹಿಸಿದ ವೈರಸ್ಸಿನಲ್ಲೂ ಹುಡುಕಿ. ಫಿನ್‌ಲೆಂಡ್‌ನ ಶಿಶುವಿಹಾರಗಳ 197 ಮಕ್ಕಳ ಅಧ್ಯಯನದಲ್ಲಿ, ಲಸಿಕೆ ಪಡೆಯದ ಒಂದು ಮಗುವಿಗೆ ಬಿ ಬಗೆಯ ಲಸಿಕೆ ವೈರಸ್ ದಾಟಿತ್ತು. ಇದು ಕಳವಳ ಹುಟ್ಟಿಸುವ ಸಂಗತಿಯೇ. ಆದರೆ ಪರೀಕ್ಷಿಸಿದಾಗ ಆ ವೈರಸ್ ತಂಪಿಗೆ ಒಗ್ಗಿದ ಗುಣವನ್ನೂ ಶಾಖಸೂಕ್ಷ್ಮತೆಯನ್ನೂ ಉಳಿಸಿಕೊಂಡಿತ್ತು.

ಕಾಪಿಡುವ ಅಂಕಿಗೂ ಈ ಬೆಳವಣಿಗೆಯ ಅಂಕಿಗಳಿಗೂ ಸಂಬಂಧವಿಲ್ಲ. 25 ಡಿಗ್ರಿಯಲ್ಲಿ ಬೆಳೆಯುವ ವೈರಸ್ ಎಂದು ಲಸಿಕೆಯನ್ನು ಕೋಣೆಯಲ್ಲಿ ಬಿಡಬಾರದು: ಬೆಳೆಯಲು ಜೀವಕೋಶ ಬೇಕು, ಸಿಂಪಡಿಕೆಯ ಸಿರಿಂಜಿನಲ್ಲಿ ಅದು ಇಲ್ಲ, ಬಿಸಿಗೆ ವೈರಸ್ ಶಕ್ತಿ ಕಳೆದುಕೊಳ್ಳುತ್ತದೆ. ಫ್ಲೂಮಿಸ್ಟ್ ಎಂಬ ಹೆಸರಿನ ಈ ಮೂಗಿನ ಲಸಿಕೆಯನ್ನು 2ರಿಂದ 8 ಡಿಗ್ರಿಯ ನಡುವೆ, ಬೆಳಕು ತಾಗದಂತೆ ಇಡಬೇಕು ಮತ್ತು ಹೆಪ್ಪುಗಟ್ಟಲು ಬಿಡಬಾರದು.