ಎಳೆಯ ಕುದುರೆ ಕೊಳ್ಳುತ್ತೀರಾ? ಮೊದಲು ವಾಕ್ ನೋಡಿ, ಟ್ರಾಟ್ ಆಮೇಲೆ

ಬೆಂಗಳೂರು, ಮೈಸೂರಿನ ರೇಸ್‌ಗಳಿಂದ ಹೊರಬೀಳುವ ಥರೋಬ್ರೆಡ್ (ರೇಸ್ ತಳಿಯ) ಕುದುರೆಗಳಲ್ಲಿ ಒಂದಷ್ಟು ಸವಾರಿ ಶಾಲೆಗಳಿಗೂ ಹವ್ಯಾಸಿಗಳ ಕೈಗೂ ಬರುತ್ತವೆ. ಹಲವು ಇನ್ನೂ ಮೂರು, ನಾಲ್ಕು ವರ್ಷದವು. ಕೊಳ್ಳಲು ಬಂದವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಕುದುರೆಯನ್ನು ಲಾಯದಿಂದ ಹೊರತಂದು ಓಡಿಸುತ್ತಾನೆ. ಅದು ಬಾಲ ಎತ್ತಿ, ಕತ್ತು ನಿಮಿರಿಸಿ, ನೆಲ ಸೋಕದಂತೆ ಟ್ರಾಟ್ (ಕಿರುಓಟ) ಮಾಡುತ್ತದೆ. ನೋಡುವವರು ಅಲ್ಲೇ ಮನಸೋತು ಮುಂಗಡ ಕೊಟ್ಟುಬಿಡುತ್ತಾರೆ. ಎರಡು ದಿನ ಲಾಯದಲ್ಲೇ ಕಟ್ಟಿದ ಯಾವ ಎಳೆಯ ಕುದುರೆಯಾದರೂ ಹೊರಗೆ ಬಿಟ್ಟಾಗ ಹಾಗೇ ಕುಣಿಯುತ್ತದೆ.

ತಿಳಿದ ಸವಾರ ಟ್ರಾಟ್ ಅನ್ನು ತರಬೇತಿಯಿಂದ ಎಷ್ಟೋ ತಿದ್ದಬಲ್ಲ. ವಾಕ್ (ನಡಿಗೆ) ಮತ್ತು ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ನೆಗೆಯುವ ಓಟ) ಮಾತ್ರ ಬಹುಪಾಲು ಹುಟ್ಟಿನಿಂದ ಬಂದಷ್ಟೇ. ಅದರಲ್ಲೂ ವಾಕ್ ತರಬೇತಿಯಲ್ಲಿ ಕೆಡುವುದೇ ಹೆಚ್ಚು, ಸುಧಾರಿಸುವುದು ಕಡಿಮೆ. ಹಾಗಾಗಿ ನಿಮ್ಮ ಸಮಯದ ಅರ್ಧಭಾಗ ವಾಕ್‌ಗೆ ಮೀಸಲಿಡಿ.

ಹೆಜ್ಜೆ 1: ವಯಸ್ಸು. ರೇಸ್ ಕುದುರೆಗೆ ಪಾಸ್‌ಪೋರ್ಟ್ ಇರುತ್ತದೆ. ಅದರಲ್ಲಿ ಬರೆದ ಮಚ್ಚೆ, ಸುಳಿ ತಾಳೆಯಾಗುತ್ತವೆಯೇ ನೋಡಿ. ಕಾಗದವಿಲ್ಲದ ಕುದುರೆಯಾದರೆ ಬಾಯಿ ಬಿಡಿಸಿ. ಮುಂಬದಿಯ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ ಬೀಳುತ್ತವೆ. ಎರಡು ವರ್ಷದ ಕುದುರೆಯ ಹಿಂಭಾಗ ಭುಜಕ್ಕಿಂತ ಎತ್ತರವಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಎಂದರ್ಥ. ಆ ಹಂತದಲ್ಲಿ ‘ಮುಂದಕ್ಕೆ ವಾಲುತ್ತದೆ’ ಎಂದು ತೀರ್ಪು ಕೊಡಬೇಡಿ. ನನ್ನ ಸಲಹೆ ಕೇಳಿದರೆ ಮೂರು ತುಂಬುವವರೆಗೆ ಕೊಳ್ಳಲೇಬೇಡಿ.

ಹೆಜ್ಜೆ 2: ಕಾಲು ಮುಟ್ಟಿ ನೋಡುವುದು. ಮುಂಗಾಲಿನ ಮಂಡಿಯಿಂದ ಕೆಳಗೆ, ಮೂಳೆಯ ಹಿಂಬದಿಯ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಸವರಿ. ಬಿಗಿಯಾಗಿ, ತಂಪಾಗಿ, ಅಂಚು ಸ್ಪಷ್ಟವಾಗಿ ಸಿಗಬೇಕು. ಬಿಲ್ಲಿನಂತೆ ಉಬ್ಬಿದ್ದರೆ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಿದ್ದರೆ, ಅದು ರೇಸ್‌ನಲ್ಲಿ ಆದ ಪೆಟ್ಟಿರಬಹುದು. ಜಿಗಿತದ ಆಸೆ ಅಲ್ಲಿಗೇ ಬಿಡಿ.

ಹೆಜ್ಜೆ 3: ವಾಕ್. ಗಡಿಬಿಡಿ ಇಲ್ಲಿ ಸಲ್ಲದು. ಕುದುರೆಯನ್ನು ಕನಿಷ್ಠ ಹತ್ತು ನಿಮಿಷ ನಡೆಸಿದ ಮೇಲೆಯೇ ನೋಡಲು ಶುರುಮಾಡಿ. ಮೊದಲ ಉಮೇದು ಇಳಿಯಲಿ. ಸೈಸ್ ಭುಜದ ಪಕ್ಕ ನಡೆಯಬೇಕು, ಮುಂದೆ ನಿಂತು ಎಳೆಯಬಾರದು. ಹಗ್ಗ ಸಡಿಲವಾಗಿರಲಿ. ಗಲ್ಲದ ಕೆಳಗೆ ಬಿಗಿಹಿಡಿದರೆ ಎಂಥ ಕುದುರೆಯ ಹೆಜ್ಜೆಯೂ ಗಿಡ್ಡವಾಗುತ್ತದೆ, ಲಯವೂ ಕೆಡುತ್ತದೆ. ಕೆಲವು ಕಡೆ ಬೇಕೆಂದೇ ಹಾಗೆ ಹಿಡಿಯುತ್ತಾರೆ, ಕುದುರೆ ‘ಚುರುಕಾಗಿ’ ಕಾಣಲಿ ಎಂದು. ನಯವಾಗಿ ಬಿಡಿಸಿ.

ಮೊದಲು ಸಿಮೆಂಟ್ ನೆಲದ ಮೇಲೆ ಕಣ್ಣು ಮುಚ್ಚಿ ಕೇಳಿ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು: ನಾಲ್ಕು ಸದ್ದು, ನಡುವೆ ಸಮನಾದ ಬಿಡುವು. ‘ಟಕಟಕ್... ಟಕಟಕ್’ ಎಂದು ಜೋಡಿಜೋಡಿಯಾಗಿ ಕೇಳಿದರೆ ಒಂದೇ ಪಕ್ಕದ ಎರಡು ಕಾಲು ಹೆಚ್ಚುಕಡಿಮೆ ಒಟ್ಟಿಗೆ ಬರುತ್ತಿವೆ. ಆಮೇಲೆ ಪಕ್ಕದಿಂದ ನೋಡಿ. ಹಿಂಗಾಲು ಮುಂದೆ ಬಂದು, ಅದೇ ಪಕ್ಕದ ಮುಂಗಾಲು ನೆಲ ಬಿಡುವ ಮುನ್ನ, ಎರಡೂ ಕಾಲು ಸೇರಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರ ಒಂದು ಕ್ಷಣ ಮೂಡಬೇಕು. ಅದು ಮೂಡದೆ ಎರಡು ಕಾಲೂ ಸಮಾನಾಂತರವಾಗಿ ಸಾಗಿದರೆ ಲಯ ಕೆಟ್ಟಿದೆ. ಕುದುರೆಯ ನಡೆಯ ಹದವನ್ನೇ ಅಳೆಯುವ ಡ್ರೆಸ್ಸಾಜ್ ಸ್ಪರ್ಧೆಗೆ ಇದು ದೊಡ್ಡ ದೋಷ.

ಇಲ್ಲೊಂದು ಮಾತು: ಮಾರವಾಡಿ ತಳಿಗೆ ಈ ಅಳತೆಗೋಲು ಹಿಡಿಯಬೇಡಿ. ಅವುಗಳಲ್ಲಿ ಹಲವಕ್ಕೆ ‘ರೇವಾಲ್’ ಎಂಬ ಮೆತ್ತನೆಯ ವೇಗದ ನಡಿಗೆ ಹುಟ್ಟುಗುಣ. ದೂರದ ಸವಾರಿಗೆ ಅದು ಸುಖ.

ಇನ್ನು ಹೆಜ್ಜೆಯ ಉದ್ದ. ಹದವಾಗಿ ಕೆರೆದ ಮರಳಿನ ಮೇಲೆ ನಡೆಸಿ ಗುರುತು ನೋಡಿ. ಹಿಂಗೊರಸು ಮುಂಗೊರಸಿನ ಗುರುತನ್ನು ದಾಟಿ ಬೀಳಬೇಕು. ಅಂಗೈ ಅಗಲ ದಾಟಿದರೆ ಚೆನ್ನ, ಗೇಣು ದಾಟಿದರೆ ಬಲು ಚೆನ್ನ. ಗುರುತು ಮುಟ್ಟದೆ ಹಿಂದೆಯೇ ಉಳಿದರೆ ಬೆನ್ನು ಬಿಗಿದಿರಬಹುದು, ಇಲ್ಲವೇ ಹಿಂಗಾಲಿನ ಕೀಲಲ್ಲಿ ನೋವಿರಬಹುದು. ಅಂದಮಾತ್ರಕ್ಕೆ ಎರಡು ಗೇಣು ದಾಟುವ ಕುದುರೆ ಕಂಡು ಹಿಗ್ಗಬೇಕಿಲ್ಲ. ಅಷ್ಟು ದೊಡ್ಡ ವಾಕ್ ಅನ್ನು ಮುಂದೆ ತರಬೇತಿಯಲ್ಲಿ ಗಿಡ್ಡ ಹೆಜ್ಜೆಗೆ ಒಟ್ಟುಗೂಡಿಸಲು ಹೋದಾಗ ಲಯ ಕೈಕೊಡುವುದು ಸಾಮಾನ್ಯ.

ಹಿಂದಿನಿಂದ ನೋಡುವಾಗ ಬಾಲ ಸಡಿಲವಾಗಿ ಎಡಬಲ ತೂಗಬೇಕು. ಒಂದೇ ಪಕ್ಕಕ್ಕೆ ಹಿಡಿದ ಅಥವಾ ತೊಡೆಗಂಟಿದ ಬಾಲ ಬೆನ್ನುನೋವಿನ ಸೂಚನೆ ಆಗಿರಬಹುದು. ಮುಂದಿನಿಂದ ನೋಡುವಾಗ ಗೊರಸು ಕೊಂಚ ಹೊರಕ್ಕೆ ಬೀಸಿದರೆ ಹವ್ಯಾಸಿಗೆ ತೊಂದರೆಯಿಲ್ಲ. ಒಂದು ಕಾಲು ಇನ್ನೊಂದರ ಮುಂದೆ, ಹಗ್ಗದ ಮೇಲೆ ನಡೆದಂತೆ ಬೀಳುವ ಕುದುರೆ ಬೇಡವೇ ಬೇಡ. ಅದು ತನ್ನ ಕಾಲಿಗೆ ತಾನೇ ಎಡವಿ ಸವಾರನನ್ನೂ ಬೀಳಿಸುತ್ತದೆ. ಗೊರಸಿನ ಹಿಮ್ಮಡಿ ಮೊದಲು ಅಥವಾ ಇಡೀ ಗೊರಸು ಒಟ್ಟಿಗೆ ನೆಲ ಮುಟ್ಟಬೇಕು. ತುದಿ ಮೊದಲು ಮುಟ್ಟಿದರೆ ಹಿಮ್ಮಡಿಯಲ್ಲಿ ನೋವಿರಬಹುದು. ಇದನ್ನು ಬರಿಗಣ್ಣಲ್ಲಿ ಹಿಡಿಯುವುದು ಕಷ್ಟ. ಫೋನನ್ನು ನೆಲದ ಹತ್ತಿರ ಇಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ. ರೇಸ್ ಬಿಟ್ಟುಬಂದ ಎಷ್ಟೋ ಕುದುರೆಗಳ ಗೊರಸಿನ ತುದಿ ಉದ್ದ, ಹಿಮ್ಮಡಿ ತಗ್ಗು. ಅದರಿಂದಲೂ ಹೆಜ್ಜೆ ತಡವರಿಸುತ್ತದೆ, ಒಳ್ಳೆಯ ಲಾಳಗಾರ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಸರಿಪಡಿಸುತ್ತಾನೆ.

ಹೆಜ್ಜೆ 4: ಗಟ್ಟಿನೆಲದಲ್ಲಿ ಟ್ರಾಟ್. ಸುಮಾರು 30 ಮೀಟರ್ ನೇರ, ಸಮತಟ್ಟಾದ ಜಾಗ ಸಾಕು. ತಲೆ ಬಿಡುವಾಗಿರಲಿ. ಕುಂಟು ಹುಡುಕುವಾಗ ಬಹಳ ಜನ ತಲೆಕೆಳಗು ಲೆಕ್ಕ ಹಾಕುತ್ತಾರೆ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ. ತಲೆ ತಗ್ಗುವುದು ಸರಿಯಾದ ಕಾಲಿನ ಮೇಲೆ. ಹಿಂಗಾಲಿಗಾದರೆ ಸೊಂಟದ ಎರಡು ಬದಿ ಏರಿಳಿಯುವುದರಲ್ಲಿ ಎಲ್ಲಿ ವ್ಯತ್ಯಾಸ ಇದೆ ನೋಡಿ. ಯಾರೋ ಹಿಂದೆ ಚಾಟಿ ಆಡಿಸಿ, ಡಬ್ಬ ಬಡಿದು ಕುದುರೆಯನ್ನು ಉಬ್ಬಿಸುತ್ತಿದ್ದರೆ ನಿಲ್ಲಿಸಿ ಎನ್ನಿ. ಉದ್ರೇಕದಲ್ಲಿ ಸಣ್ಣ ಕುಂಟು ಮುಚ್ಚಿಹೋಗುತ್ತದೆ.

ಟ್ರಾಟ್‌ನ ಗುಣ ಅಳೆಯುವಾಗ ಮುಂಗಾಲಿನ ತುದಿ ಎಷ್ಟು ಚಿಮ್ಮುತ್ತದೆ ಎಂಬುದನ್ನು ಮರೆತುಬಿಡಿ. ಎದುರುಬದುರಾದ ಜೋಡಿಯಲ್ಲಿ, ಅಂದರೆ ಎಡ ಮುಂಗಾಲು ಮತ್ತು ಬಲ ಹಿಂಗಾಲಿನಲ್ಲಿ, ಮಂಡಿಯ ಕೆಳಗಿನ ಮೂಳೆಗಳು ಒಂದೇ ಓರೆಯಲ್ಲಿವೆಯೇ? ಮುಂಗಾಲು ದೂರ ಚಾಚಿ ಹಿಂಗಾಲು ಎಳೆದುಕೊಂಡು ಬಂದರೆ ಅದು ವಿಡಿಯೊಗಷ್ಟೇ ಚೆಂದ. ಭಾರದ ಲಾಳ ಹೊಡೆಸಿ ಕಾಲೆತ್ತಿಸುವ ಉಪಾಯವೂ ಉಂಟು, ಲಾಳವನ್ನು ಎತ್ತಿ ನೋಡಿ.

ಹೆಜ್ಜೆ 5: ಕ್ಯಾಂಟರ್. ಹಗ್ಗವಿಲ್ಲದೆ, ಬೇಲಿ ಹಾಕಿದ 20×40 ಮೀಟರ್ ಅಂಗಳದಲ್ಲಿ ಬಿಟ್ಟು ನೋಡುವುದೇ ಮೇಲು. ಮೂರು ಸದ್ದು, ಆಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಬಿಡುವು. ರೇಸ್ ಕುದುರೆ ಉದ್ದಕ್ಕೆ ಚಪ್ಪಟೆಯಾಗಿ ಓಡುವುದು ಸಹಜ, ಅದನ್ನು ದೋಷವೆನ್ನಬೇಡಿ. ಮೂಲೆಗೆ ಬಂದಾಗ ಏನು ಮಾಡುತ್ತದೆ ನೋಡಿ. ತಾನಾಗಿಯೇ ಹೆಜ್ಜೆ ಗಿಡ್ಡ ಮಾಡಿ, ಹಿಂಗಾಲನ್ನು ಹೊಟ್ಟೆಯಡಿ ತಂದು, ಮೈ ತೂಗಿಸಿಕೊಂಡು ತಿರುಗಿದರೆ ಒಳ್ಳೆಯ ಸವಾರಿ ಕುದುರೆಗೆ ಬೇಕಾದದ್ದು ಅದರಲ್ಲಿದೆ. ಒಳಗೆ ವಾಲಿ ಜಾರುವಂತೆ ತಿರುಗಿದರೆ, ಮುಂಗಾಲುಗಳಲ್ಲಿ ಒಂದು ಪಕ್ಕದ್ದು, ಹಿಂಗಾಲುಗಳಲ್ಲಿ ಇನ್ನೊಂದು ಪಕ್ಕದ್ದು ಮುಂದಾಗಿ ಮತ್ತೆ ಮತ್ತೆ ತಪ್ಪಿದರೆ, ಬೆನ್ನು ಮತ್ತು ಹಿಂಗಾಲನ್ನು ವೈದ್ಯರಿಗೆ ತೋರಿಸಿ. ಎರಡೂ ದಿಕ್ಕಿಗೆ ಓಡಿಸಿ. ರೇಸ್‌ನಲ್ಲಿ ಒಂದೇ ದಿಕ್ಕಿಗೆ ಓಡಿದ ಕುದುರೆ ಇನ್ನೊಂದು ಕಡೆಗೆ ಬಿಗಿಯಾಗಿರುತ್ತದೆ, ಆ ಬಿಗಿ ಕೆಲವು ತಿಂಗಳ ಕೆಲಸದಲ್ಲಿ ಸಡಿಲಾಗುತ್ತದೆ.

ಹಗ್ಗದಲ್ಲೇ ಓಡಿಸಬೇಕಾದರೆ ಸುತ್ತಿನ ವ್ಯಾಸ 15 ಮೀಟರಿಗಿಂತ ಕಡಿಮೆ ಬೇಡ, ಹತ್ತು ನಿಮಿಷ ಮೀರಬೇಡಿ. ಎಳೆಯ ಕೀಲುಗಳಿಗೆ ಸುತ್ತು ಭಾರ. ಅಂಗಡಿಯ ಅಗ್ಗದ ತೆಳು ನೈಲಾನ್ ಹಗ್ಗ ಕೈ ಕೊಯ್ಯುತ್ತದೆ. ಅಗಲವಾದ ಹತ್ತಿ ಪಟ್ಟಿ ತನ್ನಿ, ಕೈಗವಸು ಹಾಕಿ. ಕತ್ತು ಬಾಗಿಸಲು ಪಕ್ಕದ ಲಗಾಮು ಕಟ್ಟಿ ತೋರಿಸಿದರೆ ಬಿಚ್ಚಿಸಿ.

ಹೆಜ್ಜೆ 6: ಜಿಗಿತ. ಮೂರು ವರ್ಷ ತುಂಬಿದ್ದರೆ 60ರಿಂದ 80 ಸೆಂ.ಮೀ. ತಡೆಯ ಮೇಲೆ ಸವಾರನಿಲ್ಲದೆ ನಾಲ್ಕೈದು ಸಲ, ಅಷ್ಟೇ. ಎತ್ತರ ಮುಖ್ಯವಲ್ಲ, ಮೊದಲ ಸಲ ತಪ್ಪಿದ್ದನ್ನು ಮೂರನೆಯ ಸಲ ತಾನೇ ತಿದ್ದಿಕೊಂಡರೆ ಆ ಕುದುರೆ ಯೋಚಿಸುತ್ತದೆ.

ಹೆಜ್ಜೆ 7: ಎರಡನೆಯ ಭೇಟಿ. ಒಂದು ವಾರ ಬಿಟ್ಟು ಮತ್ತೆ ಹೋಗಿ, ಬೆಳಗ್ಗೆ ಲಾಯದಿಂದ ಹೊರಬರುವ ಮೊದಲ ಹತ್ತು ಹೆಜ್ಜೆ ನೋಡಿ. ಬಿಗಿತ ಇದ್ದರೆ ಅಲ್ಲೇ ಕಾಣುತ್ತದೆ. ‘ಚಲನೆ ಹೆಚ್ಚಿಸುವ’ ಪುಡಿ ಕೊಡುತ್ತಿದ್ದೇವೆ ಎಂದು ಡಬ್ಬ ತೋರಿಸಿದರೆ ಆ ಮಾತಿಗೆ ಬೆಲೆ ಕೊಡಬೇಡಿ. ಆದರೆ ಫೀನೈಲ್‌ಬ್ಯೂಟಜೋನ್‌ನಂಥ ನೋವುನಿವಾರಕ ಕೊಟ್ಟರೆ ಕುಂಟುವ ಕುದುರೆಯೂ ಸರಾಗವಾಗಿ ಓಡಬಹುದು. ಆದ್ದರಿಂದ ನಿಮ್ಮದೇ ವೈದ್ಯರನ್ನು ಕರೆದೊಯ್ಯಿರಿ, ಪರೀಕ್ಷೆಯ ದಿನವೇ ರಕ್ತದ ಮಾದರಿ ತೆಗೆಸಿ ಇಡಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಕುದುರೆ ನೋಡಿಕೊಳ್ಳಿ.